ಮುಟ್ಟು ಬರುತ್ತಿದೆ, ಆದರೂ ನೋವು ಏರುತ್ತಿದೆ: ಗರ್ಭಕೋಶದ ಹುಟ್ಟುದೋಷಗಳನ್ನು ಗುರುತಿಸುವುದು ಹೇಗೆ?

ತಿಂಗಳಿಗೆ ಸರಿಯಾಗಿ ಮುಟ್ಟಾಗುತ್ತಿದ್ದರೆ ಗರ್ಭಕೋಶವೂ ಸರಿಯಾಗಿಯೇ ಇದೆ ಎಂದು ಬಹಳ ಮಂದಿ ನಂಬಿದ್ದಾರೆ. ಕೆಲವು ಹುಡುಗಿಯರ ನೋವು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದು ಈ ನಂಬಿಕೆಯಿಂದಲೇ.

ಭ್ರೂಣದಲ್ಲಿ ಗರ್ಭಕೋಶ ಮೊದಲಿಗೆ ಎರಡು ನಾಳಗಳಾಗಿರುತ್ತದೆ, ಎಡಕ್ಕೊಂದು ಬಲಕ್ಕೊಂದು. ಇವುಗಳಿಗೆ ಮುಲ್ಲೇರಿಯನ್ ನಾಳಗಳೆಂದು ಹೆಸರು. ಅವು ನಡುವೆ ಬಂದು ಕೂಡಿಕೊಳ್ಳುತ್ತವೆ, ಆಮೇಲೆ ನಡುವಿನ ಗೋಡೆ ಕರಗುತ್ತದೆ. ಗೋಡೆ ಕರಗದಿದ್ದರೆ ಒಳಗೆ ಪರದೆ ಉಳಿಯುತ್ತದೆ. ಹೆಚ್ಚಾಗಿ ಕಾಣುವ ದೋಷಗಳಲ್ಲಿ ಇದೂ ಒಂದು. ಮೇಲ್ಭಾಗ ಕೂಡದಿದ್ದರೆ ಎರಡು ಕೊಂಬಿನ ಗರ್ಭಕೋಶ, ಪೂರ್ತಿ ಕೂಡದಿದ್ದರೆ ಜೋಡಿ ಗರ್ಭಕೋಶ, ಒಂದೇ ನಾಳ ಬೆಳೆದರೆ ಒಂದು ಕೊಂಬಿನದು. ಎರಡೂ ಬೆಳೆಯದಿದ್ದರೆ ಗರ್ಭಕೋಶವೇ ಇರುವುದಿಲ್ಲ. ಎಲ್ಲ ಬಗೆಗಳನ್ನೂ ಸೇರಿಸಿದರೆ ನೂರು ಹೆಂಗಸರಲ್ಲಿ ಸುಮಾರು ಐವರಿಗೆ ಇಂಥದ್ದೊಂದು ದೋಷವಿರುತ್ತದೆ. ಹಲವರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ.

ಅಂಡಾಶಯಗಳು ಬೇರೆ ಮೂಲದಿಂದ ಬರುತ್ತವೆ. ಹಾಗಾಗಿ ಹಾರ್ಮೋನು, ಸ್ತನಗಳ ಬೆಳವಣಿಗೆ ಎಲ್ಲವೂ ಮಾಮೂಲಿಯಾಗಿರುತ್ತದೆ, ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕಿಡ್ನಿಗಳ ಕಥೆ ಬೇರೆ. ಅವು ಈ ನಾಳಗಳ ಮಗ್ಗುಲಲ್ಲೇ, ಅದೇ ವಾರಗಳಲ್ಲಿ ರೂಪುಗೊಳ್ಳುತ್ತವೆ. ಒಂದು ಕಡೆ ಎಡವಟ್ಟಾದರೆ ಇನ್ನೊಂದೂ ತಪ್ಪುವ ಸಾಧ್ಯತೆ ಹೆಚ್ಚು. ಹೆಣ್ಣುಮಗುವಿಗೆ ಒಂದೇ ಕಿಡ್ನಿ ಎಂದು ಯಾವಾಗಲೋ ಸ್ಕ್ಯಾನಿಂಗ್‌ನಲ್ಲಿ ತಿಳಿದಿದ್ದರೆ ಆ ವರದಿಯನ್ನು ಜೋಪಾನವಾಗಿಡಿ. ಸ್ತನಗಳು ಬೆಳೆಯಲು ಶುರುವಾದ ಮೇಲೆ, ಮೊದಲ ಮುಟ್ಟಿಗೆ ಮುಂಚೆಯೇ ಗರ್ಭಕೋಶದ ಸ್ಕ್ಯಾನ್ ಮಾಡಿಸುವುದು ಜಾಣತನ.

ಅತಿ ಹೆಚ್ಚು ಮೋಸ ಮಾಡುವ ಸ್ಥಿತಿ ಎಂದರೆ ಜೋಡಿ ಗರ್ಭಕೋಶದಲ್ಲಿ ಒಂದು ಕಡೆಯ ಯೋನಿದಾರಿ ಮುಚ್ಚಿರುವುದು. ಅದೇ ಕಡೆಯ ಕಿಡ್ನಿಯೂ ಸಾಮಾನ್ಯವಾಗಿ ಇರುವುದಿಲ್ಲ. ತೆರೆದ ಕಡೆಯಿಂದ ತಿಂಗಳು ತಿಂಗಳು ರಕ್ತ ಹೋಗುತ್ತದೆ, ಮುಚ್ಚಿದ ಕಡೆ ಒಳಗೇ ತುಂಬಿಕೊಳ್ಳುತ್ತದೆ. ನೋವು ಪ್ರತಿ ತಿಂಗಳೂ ಏರುತ್ತದೆ, ಕೆಲವೊಮ್ಮೆ ಒಂದೇ ಮಗ್ಗುಲಿಗೆ. ಮಾಮೂಲಿ ಮುಟ್ಟಿನ ನೋವು ಹೀಗಿರುವುದಿಲ್ಲ. ಅದು ಸಾಮಾನ್ಯವಾಗಿ ಮೈನೆರೆದು ಆರು ತಿಂಗಳೋ ವರ್ಷವೋ ಆದ ಮೇಲೆ, ಅಂಡೋತ್ಪತ್ತಿ ನೆಲೆಗೊಂಡಾಗ ಶುರುವಾಗಿ ಮಾತ್ರೆಗೆ ಬಗ್ಗುತ್ತದೆ. ಮೊದಲ ಕೆಲವು ಮುಟ್ಟುಗಳಿಂದಲೇ ತಡೆಯಲಾರದ ನೋವು, ಮೂರ್ನಾಲ್ಕು ತಿಂಗಳು ನೋವಿನ ಮಾತ್ರೆ ನುಂಗಿದರೂ ಇಳಿಯದ ನೋವು, ಮುಟ್ಟು ಮುಗಿದ ಮೇಲೂ ಉಳಿಯುವ ನೋವು: ಇವಕ್ಕೆ ‘ವಯಸ್ಸಿನದು, ಸರಿಹೋಗುತ್ತದೆ’ ಎನ್ನುವುದು ಆ ಹುಡುಗಿಗೆ ಮಾಡುವ ಅನ್ಯಾಯ. ತುಂಬಿದ ರಕ್ತ ಹಿಂದಕ್ಕೆ ಹರಿದು ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು) ಆಗಬಹುದು. ಸೋಂಕು ತಗಲಿದರೆ ಜ್ವರ ಮತ್ತು ದುರ್ವಾಸನೆಯ ಸ್ರಾವ ಬರುತ್ತದೆ. ತುಂಬಿದ್ದನ್ನು ಬರೀ ಸೂಜಿಯಿಂದ ಎಳೆದು ಸುಮ್ಮನಾಗುವುದು ತಪ್ಪು. ದಾರಿ ಮತ್ತೆ ಮುಚ್ಚಿಕೊಳ್ಳುತ್ತದೆ, ಕೀವಾಗುತ್ತದೆ. ಅಡ್ಡ ನಿಂತ ಗೋಡೆಯನ್ನೇ ತೆಗೆಯಬೇಕು.

ಮುಟ್ಟೇ ಬಾರದಿರುವುದು ಇನ್ನೊಂದು ಸೂಚನೆ. 15 ವರ್ಷವಾದರೂ, ಇಲ್ಲವೇ ಸ್ತನ ಬೆಳವಣಿಗೆ ಶುರುವಾಗಿ ಮೂರು ವರ್ಷ ಕಳೆದರೂ ಮೈನೆರೆಯದಿದ್ದರೆ ಪರೀಕ್ಷೆ ಬೇಕು. ಜೊತೆಗೆ ತಿಂಗಳಿಗೊಮ್ಮೆ ಕಿಬ್ಬೊಟ್ಟೆ ನೋವು, ಮೂತ್ರ ಕಟ್ಟಿಕೊಳ್ಳುವುದು ಇದ್ದರೆ ದಾರಿ ಎಲ್ಲೋ ಮುಚ್ಚಿದೆ ಎಂದರ್ಥ, ಕಾಯಬೇಡಿ. ಟ್ಯಾಂಪನ್ (ಯೋನಿಯೊಳಗೆ ಇಟ್ಟುಕೊಳ್ಳುವ, ರಕ್ತ ಹೀರುವ ಹತ್ತಿಯ ಸುರುಳಿ) ಸರಿಯಾಗಿ ಇಟ್ಟರೂ ಪಕ್ಕದಿಂದ ರಕ್ತ ಸೋರುವುದು ಯೋನಿಯಲ್ಲಿ ಉದ್ದಗೋಡೆ ಇರುವುದರ ಗುರುತಾಗಬಹುದು.

ಗರ್ಭಿಣಿಯಾದ ಮೇಲೆ ಕಾಣುವ ಸೂಚನೆಗಳು: ಮತ್ತೆ ಮತ್ತೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಮಗು ಅಡ್ಡಲಾಗಿ ಅಥವಾ ಕಾಲು ಕೆಳಗಾಗಿ ನಿಲ್ಲುವುದು.

ಪರೀಕ್ಷೆಯಲ್ಲಿ ಎಡವುವುದು ಪರದೆಯ ಗರ್ಭಕೋಶ ಮತ್ತು ಎರಡು ಕೊಂಬಿನ ಗರ್ಭಕೋಶದ ನಡುವೆ. ಬಣ್ಣದ ದ್ರಾವಣ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಏಕೆಂದರೆ ಅದು ಒಳಗಿನ ಕುಹರವನ್ನಷ್ಟೇ ತೋರಿಸುತ್ತದೆ. ವ್ಯತ್ಯಾಸವಿರುವುದು ಹೊರಗಿನ ಮೇಲಂಚಿನಲ್ಲಿ. ಅಲ್ಲಿ ತಗ್ಗು 1 ಸೆಂ.ಮೀ.ಗಿಂತ ಆಳವಿದ್ದರೆ ಎರಡು ಕೊಂಬು. ಅಂಚು ನಯವಾಗಿದ್ದು ಒಳಗೆ ಮಾತ್ರ ಗೋಡೆಯಿದ್ದರೆ ಪರದೆ. ಇದಕ್ಕೆ 3ಡಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. 3ಡಿ ಸ್ಕ್ಯಾನ್ ಅನ್ನು ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಮಾಡಿಸಿದರೆ ಒಳಪದರ ದಪ್ಪವಾಗಿದ್ದು ಚಿತ್ರ ಸ್ಪಷ್ಟವಾಗಿ ಬರುತ್ತದೆ. ದೋಷ ಕಂಡ ಮೇಲೆ ಎರಡೂ ಕಿಡ್ನಿಗಳನ್ನು ನೋಡದೆ ಬಿಡಬಾರದು.

ಪರದೆಯನ್ನು ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಯೋನಿಯ ಮೂಲಕ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಕೊಳವೆ ಹಾಕಿ, ಕತ್ತರಿಸಬಹುದು. ಆದರೆ ಎಲ್ಲರಿಗೂ ಅದು ಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ, ಹಾಗಾಗಿ ಗರ್ಭಪಾತದ ಇತಿಹಾಸ ನೋಡಿ ತೀರ್ಮಾನಿಸಬೇಕು. ಎರಡು ಕೊಂಬಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಗರ್ಭಿಣಿಯಾದಾಗ ಗರ್ಭಕಂಠದ ಉದ್ದವನ್ನು ಅಳೆಯುತ್ತಾ ನಿಗಾ ಇಡುತ್ತಾರೆ.

ಒಂದು ಕೊಂಬಿನ ಗರ್ಭಕೋಶವಿದ್ದು ಪಕ್ಕದಲ್ಲಿ ಅರೆಬೆಳೆದ ಕೊಂಬೂ ಇದೆ ಎಂದು ಗೊತ್ತಿರುವವರು ಒಂದು ಮಾತು ನೆನಪಿಡಬೇಕು. ಆ ಸಣ್ಣ ಕೊಂಬಿನಲ್ಲಿ ಗರ್ಭ ನಿಂತರೆ ಅದು ಒಡೆದು ಒಳಗೇ ಭಾರಿ ರಕ್ತಸ್ರಾವವಾಗಬಹುದು, ಹೆಚ್ಚಾಗಿ ನಾಲ್ಕರಿಂದ ಆರನೇ ತಿಂಗಳಲ್ಲಿ. ಮುಟ್ಟು ತಪ್ಪಿದ ಕೂಡಲೇ ಗರ್ಭ ಎಲ್ಲಿ ನಿಂತಿದೆ ಎಂದು ಸ್ಕ್ಯಾನ್ ಮಾಡಿಸಿ, ಹಳೆಯ ವರದಿಯನ್ನು ಜೊತೆಗೇ ಒಯ್ಯಿರಿ.