ಲೆಕ್ಕ ನೋಡಿಕೊಟ್ಟ ಪಕ್ಕದ ಮನೆಯವರು

ಸಮೀಕ್ಷೆಗಳ ಅಂಕಿ-ಅಂಶ ಪರಿಶೀಲಿಸುವುದು ನನ್ನ ಕೆಲಸ. ತಂಡಕ್ಕೆ ಹೊಸಬರು ಬಂದರೆ ಅವರಿಗೆ ಮೊದಲು ಒಂದು ಹಳೇ ಕಾಗದ ಓದಲು ಕೊಡುತ್ತೇನೆ. ಚಾರ್ಲ್ಸ್ ಡಾರ್ವಿನ್ ತಮ್ಮ ನೆರೆಯ ಜಾನ್ ಲಬಕ್‌ಗೆ 1857ರ ಜುಲೈ 14ರಂದು ಬರೆದದ್ದು.

ಡಾರ್ವಿನ್ 1842ರಲ್ಲಿ ಆಗ ಇಂಗ್ಲೆಂಡಿನ ಕೆಂಟ್‌ಗೆ ಸೇರಿದ್ದ ಡೌನ್ ಹಳ್ಳಿಗೆ ಬಂದಾಗ ಲಬಕ್ ಎಂಟು ವರ್ಷದ ಹುಡುಗ. ಮಗನಿಗೆ ಸೂಕ್ಷ್ಮದರ್ಶಕ ಕೊಡಿಸಿ ಎಂದು ಅವರ ಅಪ್ಪನನ್ನು ಒಪ್ಪಿಸಿದ್ದೇ ಡಾರ್ವಿನ್. 1857ರಲ್ಲಿ ಲಬಕ್‌ಗೆ 23 ವರ್ಷ. ಕೆಲಸ ಮನೆತನದ ಬ್ಯಾಂಕಿನಲ್ಲಿ, ಆಸಕ್ತಿ ಪುಟ್ಟ ಜೀವಿಗಳಲ್ಲಿ.

ಡಾರ್ವಿನ್‌ಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಹತ್ತಿರದ ಪ್ರಭೇದಗಳ ಗುಂಪೇ ಕುಲ; ಜಾಸ್ತಿ ಪ್ರಭೇದಗಳಿರುವ ದೊಡ್ಡ ಕುಲದ ಗಿಡಗಳಲ್ಲಿ ತಳಿಗಳೂ, ಅಂದರೆ ಒಂದೇ ಪ್ರಭೇದದೊಳಗಿನ ತುಸು ಬೇರೆ ರೂಪಗಳೂ, ಜಾಸ್ತಿ ಇರುತ್ತವೆಯೇ? ಗಿಡಗಳ ಪಟ್ಟಿ ಹಿಡಿದು ಲೆಕ್ಕ ಹಾಕುತ್ತಾ ಹೋದರು. ಹೋಲಿಸುವ ರೀತಿಯೇ ತಪ್ಪಾಗಿದೆ ಎಂದು ತೋರಿಸಿದ್ದು ಲಬಕ್. 'ಅನುಪಾತ, ಸಂಭವದ ವಿಷಯದಲ್ಲಿ ಇರುವಷ್ಟೇ ಮಂಕು ಎಲ್ಲ ವಿಷಯಗಳಲ್ಲೂ ಇದ್ದರೆ ನಾನು ಎಂಥ ಪುಸ್ತಕ ಬರೆದೇನು!' ಎಂದು ಡಾರ್ವಿನ್ ಬರೆದರು. ಎಲ್ಲವನ್ನೂ ಮತ್ತೆ ನೋಡಲು ಹಲವು ವಾರ ಬೇಕಿತ್ತು. ಆದರೂ ಕಾಗದದ ತುಂಬ ಕೃತಜ್ಞತೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಗದದಲ್ಲೇ ಇರುವ ಹೊಸ ಲೆಕ್ಕ. ಲಬಕ್ ಹೇಳಿದ ಹಾಗೆ ಡಾರ್ವಿನ್ ನ್ಯೂಜಿಲೆಂಡಿನ ಗಿಡಗಳನ್ನು ಎರಡು ಪಾಲು ಮಾಡಿದರು. ನಾಲ್ಕು ಅಥವಾ ಹೆಚ್ಚು ಪ್ರಭೇದಗಳಿರುವ ಕುಲಗಳಲ್ಲಿ ಒಟ್ಟು 339 ಪ್ರಭೇದ, ಅವುಗಳಲ್ಲಿ 51ಕ್ಕೆ ತಳಿಗಳಿವೆ. ಮೂರು ಅಥವಾ ಕಡಿಮೆ ಇರುವ ಕುಲಗಳಲ್ಲಿ 323, ತಳಿಗಳಿರುವುದು 37ಕ್ಕೆ. ದೊಡ್ಡ ಕುಲಗಳ ಅನುಪಾತವೇ ಆಗಿದ್ದರೆ ಇಲ್ಲಿ 48.5 ಇರಬೇಕಿತ್ತು. ಉತ್ತರ ಅವರು ಬಯಸಿದ ಕಡೆಗೇ ವಾಲಿದೆ, ಅಲ್ವಾ? ಆದರೆ ಇದೊಂದನ್ನೇ ನಂಬುವಷ್ಟು ಬಲವಿಲ್ಲ ಎಂದು ಅವರೇ ಬರೆದರು. ಈ ಸಂಯಮ ಬಹಳ ಅಪರೂಪ.

ನಮ್ಮಲ್ಲಿ ಕೂಡುವುದು, ಭಾಗಿಸುವುದನ್ನು ಕಂಪ್ಯೂಟರೇ ಮಾಡುತ್ತದೆ. ಎಡವುವುದು ಯಾವುದನ್ನು ಯಾವುದರ ಜೊತೆ ಇಡಬೇಕು ಎನ್ನುವಲ್ಲಿ. ಅದು ಅದೇ ವಿಷಯದಲ್ಲಿ ಮುಳುಗಿರುವವರ ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಸುಮ್ನೆ ಕೊನೆಯ ಅಂಕಿ ತೋರಿಸಿ 'ಸರಿಯಿದೆಯಾ' ಎಂದು ಕೇಳುವುದನ್ನು ನಾನು ಒಪ್ಪುವುದಿಲ್ಲ. ಗುಂಪು ಮಾಡಿದ ರೀತಿ ಮಾತ್ರ ಬರೆದ ಹಾಳೆ ಮೊದಲು ಹೋಗಬೇಕು, ಅಂಕಿಗಳ ಜಾಗ ಖಾಲಿ ಇರಬೇಕು. ಅದೂ ಲೆಕ್ಕ ಬಲ್ಲ, ಆದರೆ ಉತ್ತರ ಹೀಗೇ ಬರಲಿ ಎಂಬ ಆಸೆಯಿಲ್ಲದವರ ಕೈಗೆ. ನಮ್ಮಲ್ಲಿ ಹೆಚ್ಚಾಗಿ ಅದು ಹಣಕಾಸು ವಿಭಾಗದವರ ಮೇಜಿಗೆ ಹೋಗುತ್ತದೆ. 'ಗೆರೆ ಇಲ್ಲೇ ಯಾಕೆ ಎಳೆದಿರಿ?' ಎಂದು ಅವರು ಕೇಳಿದರೆ ಅದಕ್ಕೆ ಉತ್ತರ ಸಿಗುವವರೆಗೆ ಅಂಕಿ ತುಂಬುವುದಿಲ್ಲ.