ರ‍್ಯಾಪ್ ಬಿಟ್ಟು ರೇಡಿಯೋಗೆ ಹೋದ ಡಾ ಬ್ರ್ಯಾಟ್ ಸೋತಳಾ?

ಹಿಪ್‌ಹಾಪ್ ಬಗ್ಗೆ ಬರೆಯುವ ನನಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಡಾ ಬ್ರ್ಯಾಟ್ ಒಂದು ಕಾಲದಲ್ಲಿ ಅಷ್ಟು ದೊಡ್ಡ ರ‍್ಯಾಪರ್. ಕೊನೆಗೆ ಬೆಳಗ್ಗೆ ಬೆಳಗ್ಗೆ ರೇಡಿಯೋದಲ್ಲಿ ಸ್ಟಾರ್‌ಗಳ ಸುದ್ದಿ ಹೇಳ್ಕೊಂಡು ಕೂರೋ ಹಾಗಾಯ್ತಲ್ಲ, ಪಾಪ ಅನ್ಸಲ್ವಾ?"

ಇಲ್ಲ, ಅನಿಸಲ್ಲ. ರ‍್ಯಾಪ್ ಅಂದರೆ ಮೇಲು, ರೇಡಿಯೋ ಅಂದರೆ ಕೆಳಗೆ ಅಂದುಕೊಂಡರೆ ಮಾತ್ರ ಆ ಪಾಪ ಹುಟ್ಟುತ್ತದೆ. ನಾನು ಹಾಗೆ ಅಂದುಕೊಂಡಿಲ್ಲ.

ಆಕೆಯ ನಿಜವಾದ ಹೆಸರು ಶಾಂಟೆ ಹ್ಯಾರಿಸ್. ಹುಟ್ಟಿದ್ದು 1974ರಲ್ಲಿ, ಬೆಳೆದದ್ದು ಅಮೆರಿಕದ ಶಿಕಾಗೊದಲ್ಲಿ. 1992ರಲ್ಲಿ ಎಂಟಿವಿಯ ರ‍್ಯಾಪ್ ಕಾರ್ಯಕ್ರಮದವರು ನಡೆಸಿದ ಸ್ಥಳೀಯ ಸ್ಪರ್ಧೆಯೊಂದರಲ್ಲಿ ಗೆದ್ದಳು. ಬಹುಮಾನ ಏನು ಗೊತ್ತಾ? ಬಟ್ಟೆಯನ್ನು ಹಿಂದುಮುಂದಾಗಿ ಹಾಕಿಕೊಂಡು ಹಾಡುತ್ತಿದ್ದ ಕ್ರಿಸ್ ಕ್ರಾಸ್ ಜೋಡಿಯನ್ನು ಭೇಟಿ ಮಾಡುವ ಅವಕಾಶ. ಆ ಹುಡುಗರ ಹಿಂದಿದ್ದ ನಿರ್ಮಾಪಕ ಜರ್ಮೇನ್ ಡುಪ್ರಿ ಈಕೆಯನ್ನು ತನ್ನ ಸೋ ಸೋ ಡೆಫ್ ಕಂಪನಿಗೆ ಸೇರಿಸಿಕೊಂಡ. 1994ರಲ್ಲಿ 'ಫಂಕ್‌ಡಫೈಡ್' ಆಲ್ಬಂ ಬಂತು, ಹತ್ತು ಲಕ್ಷ ಪ್ರತಿ ದಾಟಿ ಪ್ಲ್ಯಾಟಿನಂ ಆಯಿತು. ಗುಂಪಿನ ಆಸರೆಯಿಲ್ಲದೆ ಒಬ್ಬಳೇ ನಿಂತ ರ‍್ಯಾಪರ್ ಹೆಣ್ಣುಮಗಳಿಗೆ ಪ್ಲ್ಯಾಟಿನಂ ಸಿಕ್ಕಿದ್ದು ಅದೇ ಮೊದಲು. ಆಗ ಆಕೆಗೆ ಇಪ್ಪತ್ತು ವರ್ಷ.

ಆ ಆಲ್ಬಂನ ಅದೇ ಹೆಸರಿನ ಹಾಡು ಕೇಳಿ ನೋಡಿ. ಕೆಳಗಡೆ ಐಸ್ಲಿ ಬ್ರದರ್ಸ್‌ರ ಹಳೆಯ ಹಾಡಿನ ತುಣುಕು ಮೆತ್ತಗೆ ಓಡುತ್ತಿರುತ್ತದೆ. ಅದರ ಮೇಲೆ ಈಕೆ ಅವಸರವೇ ಇಲ್ಲದೆ ಮಾತಾಡುತ್ತಾಳೆ. ಬೀಟ್‌ಗೆ ಕೂದಲೆಳೆಯಷ್ಟು ಹಿಂದೆ ಬರುತ್ತಾಳೆ, ಸಾಲಿನ ಕೊನೆಯ ಪದವನ್ನು ಸ್ವಲ್ಪ ಎಳೆಯುತ್ತಾಳೆ, ಮತ್ತೆ ಸರಿಯಾಗಿ ಮುಂದಿನ ತಾಳಕ್ಕೆ ಬಂದು ಕೂರುತ್ತಾಳೆ. ಕೂಗಾಟ ಇಲ್ಲ. ದೊಗಲೆ ಪ್ಯಾಂಟು, ಹೆಣೆದ ಜಡೆಗಳು, ಯಾರನ್ನೂ ಮೆಚ್ಚಿಸುವ ಹಂಗಿಲ್ಲದ ನಿಲುವು. ಪಕ್ಕದಲ್ಲಿ ಕೂತು ಹರಟುತ್ತಿದ್ದಾಳೇನೋ ಅನಿಸುತ್ತದೆ. ರೇಡಿಯೋದವರು ಹುಡುಕುವುದು ಇಂಥ ದನಿಯನ್ನೇ, ಅಲ್ವಾ?

ರೇಡಿಯೋ ಕೆಲಸ ಸುಲಭ ಅನ್ನುವವರು ಒಂದು ಲಿಂಕ್ ಹೇಗೆ ನಡೆಯುತ್ತದೆ ಅಂತ ಗಮನಿಸಬೇಕು. ಎರಡು ಹಾಡುಗಳ ನಡುವಿನ ಮಾತಿಗೆ ನಮ್ಮ ಆರ್‌ಜೆಗಳು ಲಿಂಕ್ ಅಂತಾರೆ. ಮುಂದಿನ ಹಾಡಿನ ಸಂಗೀತ ಶುರುವಾಗಿರುತ್ತದೆ. ಗಾಯಕನ ಮೊದಲ ಪದ ಬರುವುದಕ್ಕೆ ಇನ್ನು ಕೆಲವೇ ಸೆಕೆಂಡ್. ಅಷ್ಟರಲ್ಲಿ ವಿಷಯ ಹೇಳಿ, ನಗಿಸಿ, ಸರಿಯಾಗಿ ಆ ಪದಕ್ಕೆ ಜಾಗ ಬಿಟ್ಟು ನಿಲ್ಲಬೇಕು. ರ‍್ಯಾಪರ್‌ಗೂ ಲೆಕ್ಕ ಹೀಗೇ. ನಿಮಿಷಕ್ಕೆ 90 ಬೀಟ್ ಇರುವ ಹಾಡಿನಲ್ಲಿ 16 ಬಾರ್‌ನ ಒಂದು ಚರಣಕ್ಕೆ ಸಿಗುವುದು ಸುಮಾರು 43 ಸೆಕೆಂಡ್, ಒಂದು ಬಾರ್ ಅಂದರೆ ನಾಲ್ಕು ಬೀಟ್. ಅಷ್ಟರಲ್ಲಿ ತಾನು ಯಾರು ಅಂತ ತೋರಿಸಿ ಹೊರಗೆ ಬರಬೇಕು. ಬಾಲ್ಯದಿಂದ ಉಸಿರು ಮತ್ತು ತಾಳ ಪಳಗಿಸಿಕೊಂಡವಳಿಗೆ ಮೈಕ್ ಹೊಸದಲ್ಲ, ಸ್ಟುಡಿಯೋ ಬೇರೆ ಅಷ್ಟೇ.

ಈ ದಾರಿಯಲ್ಲಿ ಆಕೆ ಒಬ್ಬಳೇ ನಡೆದದ್ದೂ ಅಲ್ಲ. ಲಂಡನ್ನಿನಿಂದ ಬಂದ ರ‍್ಯಾಪರ್ ಮೋನಿ ಲವ್ ಫಿಲಡೆಲ್ಫಿಯಾದಲ್ಲಿ ಬೆಳಗಿನ ಶೋ ನಡೆಸಿದಳು. ಲಾಸ್ ಏಂಜಲೀಸ್‌ನ ಯೋ-ಯೋ ಕೂಡ ರ‍್ಯಾಪ್‌ನಿಂದ ರೇಡಿಯೋಗೆ ಬಂದವಳೇ. ಜಿಟಿಎ ಸ್ಯಾನ್ ಆಂಡ್ರಿಯಾಸ್ ವಿಡಿಯೋ ಗೇಮ್ ಆಡಿದವರಿಗೆ ಆಕೆಯ ದನಿ ಗೊತ್ತು, ಅದರ ನಾಯಕ ಸಿಜೆಯ ತಂಗಿ ಕೆಂಡಲ್‌ಗೆ ಮಾತು ಕೊಟ್ಟವಳು ಅವಳು. 1997ರ 'ಲೇಡೀಸ್ ನೈಟ್' ಹಾಡಿನಲ್ಲಂತೂ ಲಿಲ್ ಕಿಮ್, ಲೆಫ್ಟ್ ಐ, ಮಿಸ್ಸಿ ಎಲಿಯಟ್ ಮತ್ತು ಡಾ ಬ್ರ್ಯಾಟ್ ಜೊತೆ ಆಂಜಿ ಮಾರ್ಟಿನೆಜ್ ಇದ್ದಾಳೆ. ಆಂಜಿ ಆಗ ನ್ಯೂಯಾರ್ಕ್‌ನ ಹಾಟ್ 97 ಸ್ಟೇಷನ್ನಿನ ರೇಡಿಯೋ ನಿರೂಪಕಿ, ಮೈಕ್ ಹಿಡಿದು ರ‍್ಯಾಪ್ ಮಾಡೋಕೆ ಬಂದವಳು. ಅಂದರೆ ಆಗಲೇ ಆ ಬಾಗಿಲು ಎರಡೂ ಕಡೆಯಿಂದ ತೆರೆದಿತ್ತು.

ಹೀಗೆ ಹೇಳಿದ ಮಾತ್ರಕ್ಕೆ ಡಾ ಬ್ರ್ಯಾಟ್ ಬದುಕಿನಲ್ಲಿ ಏಳುಬೀಳು ಇರಲಿಲ್ಲ ಅಂತಲ್ಲ. 2007ರಲ್ಲಿ ಅಟ್ಲಾಂಟಾದ ನೈಟ್‌ಕ್ಲಬ್ ಒಂದರಲ್ಲಿ ಒಬ್ಬ ಯುವತಿಯ ಮುಖಕ್ಕೆ ಬಾಟಲಿಯಿಂದ ಹೊಡೆದಳು. ಆ ಯುವತಿಯ ಮುಖದಲ್ಲಿ ಗಾಯದ ಗುರುತು ಉಳಿದೇ ಹೋಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಳು, 2008ರಲ್ಲಿ ಮೂರು ವರ್ಷ ಜೈಲು ಶಿಕ್ಷೆಯಾಯಿತು, 2011ರಲ್ಲಿ ಹೊರಗೆ ಬಂದಳು. 2014ರಲ್ಲಿ 64 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಬಂತು. 2018ರಲ್ಲಿ ದಿವಾಳಿ ಅರ್ಜಿ ಹಾಕಿದಳು. ಆಕೆಯನ್ನು ಎಷ್ಟೇ ಇಷ್ಟಪಟ್ಟರೂ ಆ ರಾತ್ರಿಗೆ ನಾನು ಯಾವ ಸಮರ್ಥನೆಯನ್ನೂ ಕೊಡಲಾರೆ. ಆಕೆಗೆ ಆದ ನಷ್ಟಕ್ಕಿಂತ ಆ ಯುವತಿಗೆ ಆದದ್ದು ಜಾಸ್ತಿ.

2015ರಲ್ಲಿ ಆಕೆ ಸೇರಿದ್ದು ಹಾಸ್ಯಗಾರ ರಿಕ್ಕಿ ಸ್ಮೈಲಿ ನಡೆಸುವ 'ರಿಕ್ಕಿ ಸ್ಮೈಲಿ ಮಾರ್ನಿಂಗ್ ಶೋ' ರೇಡಿಯೋ ತಂಡವನ್ನು. ಇದು ಒಂದೇ ಊರಿನ ಕಾರ್ಯಕ್ರಮವಲ್ಲ, ಅಮೆರಿಕದ ಹಲವು ಸ್ಟೇಷನ್‌ಗಳಲ್ಲಿ ಬರುತ್ತದೆ. ಕೊನೆಯ ಆಲ್ಬಂ 2003ರದ್ದು. ಅದಾದ ಮೇಲೆ ಹುಟ್ಟಿದ ಮಕ್ಕಳು ಕಾರಿನಲ್ಲಿ ಸ್ಕೂಲಿಗೆ ಹೋಗುತ್ತಾ ಆಕೆಯ ದನಿ ಕೇಳುವಂತಾಯಿತು. ಆಲ್ಬಂಗೆ ಮೂರು ವರ್ಷಕ್ಕೊಮ್ಮೆ ಕೇಳುಗ ಸಿಗುತ್ತಾನೆ, ರೇಡಿಯೋಗೆ ದಿನಾ ಸಿಗುತ್ತಾನೆ. ದಿನಾ ಬರುವ ಕೇಳುಗನ ಮುಂದೆ ಸುಮ್ನೆ ಗತ್ತು ತೋರಿಸಿಕೊಂಡು ಕೂರೋಕೆ ಆಗಲ್ಲ. ಮನೆ, ಅಡುಗೆ, ಬೇಜಾರು, ಹಲ್ಲುನೋವು ಎಲ್ಲ ಮಾತಾಡಬೇಕು.

ನನಗೆ ಮುಖ್ಯ ಅನಿಸುವುದು ಇದೇ. ರ‍್ಯಾಪ್‌ನ ದಿನಗಳಲ್ಲಿ ಆಕೆ ಯಾರನ್ನು ಪ್ರೀತಿಸುತ್ತಾಳೆ ಅನ್ನುವುದನ್ನು ಹೊರಗೆ ಹೇಳಿಕೊಳ್ಳಲಿಲ್ಲ. ಆಗಿನ ಹಿಪ್‌ಹಾಪ್‌ನಲ್ಲಿ ಹೇಳಿದ್ದರೆ ಎಷ್ಟು ಬಾಗಿಲು ಮುಚ್ಚುತ್ತಿತ್ತೋ. 2020ರಲ್ಲಿ ಆಕೆ ಮಹಿಳಾ ಉದ್ಯಮಿ ಜೆಸಿಕಾ ಡುಪಾರ್ಟ್ ಜೊತೆಗಿನ ಸಂಬಂಧವನ್ನು ಬಹಿರಂಗವಾಗಿ ಹೇಳಿದಳು. 2022ರ ಫೆಬ್ರುವರಿಯಲ್ಲಿ ಇಬ್ಬರೂ ಮದುವೆಯಾದರು. 2023ರಲ್ಲಿ, 49ನೇ ವಯಸ್ಸಿನಲ್ಲಿ, ಆಕೆ ಗಂಡುಮಗುವಿನ ತಾಯಿಯಾದಳು. ಹೇಳದೆ ಇಟ್ಟುಕೊಂಡದ್ದನ್ನು ಹೇಳಿದ್ದು ರೇಡಿಯೋದಲ್ಲಿ ದಿನಾ ಮಾತಾಡುವ ಕಾಲದಲ್ಲಿ. ಕಾರಣ ರೇಡಿಯೋ ಒಂದೇ ಅಂತ ಹೇಳಲ್ಲ, ಕಾಲವೂ ಬದಲಾಗಿತ್ತು. ಆದರೆ ಆಡಿದ ಮಾತಿಗೂ ಬದುಕಿಗೂ ಅಂತರ ಕಡಿಮೆಯಾದ ಮೇಲಿನ ದನಿ ನನಗೆ ಹಳೆಯದಕ್ಕಿಂತ ಹೆಚ್ಚು ಹಿಡಿಸುತ್ತದೆ.

ನಟನೆಯ ಬಗ್ಗೆಯೂ ಕೇಳುತ್ತಾರೆ. 1996ರ 'ಕಜಾಮ್' ಸಿನಿಮಾದಲ್ಲಿ ಚಿಕ್ಕ ಪಾತ್ರ, 2001ರ 'ಗ್ಲಿಟರ್'ನಲ್ಲಿ ನಾಯಕಿಯಾಗಿದ್ದ ಗಾಯಕಿ ಮರಾಯ ಕೇರಿಯ ಗೆಳತಿ ಲೂಯಿಸ್ ಪಾತ್ರ. 'ಗ್ಲಿಟರ್' ಥಿಯೇಟರಿಗೆ ಬಂದದ್ದು ಸೆಪ್ಟೆಂಬರ್ 11ರ ದಾಳಿಯಾಗಿ ಹತ್ತು ದಿನಕ್ಕೆ, ಓಡಲಿಲ್ಲ. ಕ್ವೀನ್ ಲತೀಫಾ ಹಾಗೆ ರ‍್ಯಾಪ್‌ನಿಂದ ಆಸ್ಕರ್ ನಾಮನಿರ್ದೇಶನದವರೆಗೆ ಹೋಗುವ ದಾರಿ ಇವಳಿಗೆ ಸಿಗಲಿಲ್ಲ. ಸಿಕ್ಕಿದ್ದು ನಾಯಕಿಯ ಪಕ್ಕ ನಿಲ್ಲುವ ಪಾತ್ರ. ಅಲ್ಲಿ ಆಕೆಯ ನಗುವಿಗೂ ಮಾತಿನ ಚುರುಕಿಗೂ ಜಾಗ ಕಡಿಮೆ. ಬೆಳಗಿನ ಶೋನಲ್ಲಿ ಆ ಎರಡೂ ಬೇಕಾದಷ್ಟಿವೆ.

ಈ ಪ್ರಶ್ನೆ ಕೇಳುವವರಿಗೆ ನನ್ನದೊಂದು ಕೋರಿಕೆ. ಮೊದಲು 'ಫಂಕ್‌ಡಫೈಡ್' ಕೇಳಿ. ಆಮೇಲೆ 'ಲೇಡೀಸ್ ನೈಟ್'ನಲ್ಲಿ ಆಕೆಯ ಚರಣ. ಅದರ ಬೆನ್ನಿಗೇ ಯೂಟ್ಯೂಬ್‌ನಲ್ಲಿ ಬೆಳಗಿನ ಶೋನ ಯಾವುದಾದರೂ ತುಣುಕು ಹಾಕಿ, ಬೇರೆಯವರು ಮಾತಾಡುವಾಗ ಈಕೆ ಎಲ್ಲಿ ಬಾಯಿ ಹಾಕುತ್ತಾಳೆ ಅಂತ ನೋಡಿ. ಆಮೇಲೂ ಪಾಪ ಅನಿಸಿದರೆ ನನಗೆ ಬರೆಯಿರಿ, ಮಾತಾಡೋಣ.