ಪ್ಲಸ್ ವನ್ ವರ್ಷದ ಹದಿಮೂರು ಹಾಡುಗಳು

ಶಾಲೆಯ ಹಾಡು ಎಂದರೆ ನಮಗೆ ಗೊತ್ತಿದ್ದದ್ದು ಬೆಳಗ್ಗಿನ ಪ್ರಾರ್ಥನೆ, ವಾರ್ಷಿಕೋತ್ಸವದ ಸ್ವಾಗತ ಗೀತೆ, ಹತ್ತನೇ ಕ್ಲಾಸಿನವರನ್ನು ಬೀಳ್ಕೊಡುವ ದಿನದ ಹಾಡು. ಎಲ್ಲವೂ ಚೆಂದದವೇ. ಆದರೆ ಬಸ್ಸಿನಲ್ಲಿ ಆಗುವ ಅವಮಾನ, ಊಟಕ್ಕೆ ಯಾರ ಪಕ್ಕ ಕೂರುವುದು ಎಂಬ ಚಿಂತೆ, ಕನ್ನಡಿ ಮುಂದೆ ನಿಂತಾಗಿನ ಬೇಜಾರು ಇವನ್ನೆಲ್ಲ ಯಾರೂ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳಿದ್ದು 2019ರಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು, ಸೇರಿದ ವರ್ಷ.

ಆಲ್ಬಮ್‌ನ ಹೆಸರು ‘ಕೆ-12’. ಹಾಡಿದವರು ಅಮೆರಿಕದ ಮೆಲನಿ ಮಾರ್ಟಿನೆಜ್. ಶಿಶುವಿಹಾರದಿಂದ ಹನ್ನೆರಡನೇ ಕ್ಲಾಸಿನ ತನಕದ ಓದನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಅದು ಹೊರಬಂದದ್ದು ಸೆಪ್ಟೆಂಬರ್ 6ಕ್ಕೆ. 11ಕ್ಕೆ ತಿರುವೋಣಂ, ಓಣಂ ಹಬ್ಬದ ಮುಖ್ಯ ದಿನ. ನಮಗೆ ರಜೆ, ಹೊರಗೆ ಮಳೆ. ನನ್ನ ಗೆಳತಿಯ ಅಣ್ಣನ ಫೋನಿನಲ್ಲಿ ನೆಟ್ ಇತ್ತು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನಗೆ.

ಅದರಲ್ಲಿರುವುದು 13 ಹಾಡು. ಬಿಡಿ ಹಾಡುಗಳಲ್ಲ, ಎಲ್ಲ ಸೇರಿ ಒಂದೇ ಕಥೆ. 2015ರ ಮೊದಲ ಆಲ್ಬಮ್‌ಗಾಗಿ ಮಾರ್ಟಿನೆಜ್ ಕ್ರೈ ಬೇಬಿ ಎಂಬ ಹುಡುಗಿಯನ್ನು ಸೃಷ್ಟಿಸಿದ್ದರು. ಇಲ್ಲಿ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಮೊದಲು ಬಸ್ಸು, ಆಮೇಲೆ ಕ್ಲಾಸಿನ ಜಗಳ, ಪ್ರಿನ್ಸಿಪಾಲರು, ನಾಟಕ ತಂಡ, ಊಟದ ಡಬ್ಬಿಯ ಗೆಳೆತನ. ಇಡೀ ಆಲ್ಬಮ್‌ಗೆ ಒಂದೂವರೆ ಗಂಟೆಯ ಸಿನಿಮಾ ಕೂಡ ಇದೆ. ಬರೆದದ್ದೂ ನಿರ್ದೇಶಿಸಿದ್ದೂ ಅವರೇ. ಯೂಟ್ಯೂಬಿನಲ್ಲಿ ದುಡ್ಡಿಲ್ಲದೆ ನೋಡಲು ಬಿಟ್ಟಿದ್ದರಿಂದ ನಮ್ಮಂಥವರಿಗೂ ಸಿಕ್ಕಿತು.

ಗೆಳತಿಯ ಮನೆಯಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದ ಯಕ್ಷಗಾನ, ನಡೆಯುತ್ತಿತ್ತು. ನಾಲ್ಕನೇ ಹಾಡಿಗೆ ಬರುವಾಗ ಅವಳು, “ಇದು ಪ್ರಸಂಗದ ಹಾಗೇ ಉಂಟಲ್ವಾ?” ಅಂದಳು. ಹೌದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಕಥೆ ಪದ್ಯದಿಂದ ಪದ್ಯಕ್ಕೆ ಸಾಗುತ್ತದೆ. ನಡುವಿನ ಪದ್ಯ ಬಿಟ್ಟರೆ ಮುಂದಿನದು ಯಾಕೆ ಬಂತೆಂದೇ ತಿಳಿಯುವುದಿಲ್ಲ. ಇಲ್ಲೂ ಹಾಗೆಯೇ. ಈ ಆಲ್ಬಮ್‌ನ ಒಂದು ಹಾಡನ್ನು ಮಾತ್ರ ಕೇಳಿ ಚೆನ್ನಾಗಿಲ್ಲ ಅನ್ನುವವರಿಗೆ ನಾನು ಇಂದಿಗೂ ಹೇಳುವುದು ಇದನ್ನೇ: ಸಾಲಾಗಿ ಕೇಳಿ.

ಅದು ನಮಗೆ ಅಷ್ಟು ನಾಟಿದ್ದಕ್ಕೆ ಕಾರಣ ಇತ್ತು. ಹತ್ತರ ತನಕ ನಾವು ಕನ್ನಡ ಮಾಧ್ಯಮ. ಪ್ಲಸ್ ವನ್‌ಗೆ ಬಂದ ಕೂಡಲೇ ಫಿಸಿಕ್ಸ್, ಕೆಮಿಸ್ಟ್ರಿ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಅರ್ಥ ವಿವರಿಸುವುದು ಹೆಚ್ಚಾಗಿ ಮಲಯಾಳದಲ್ಲಿ. ಪ್ಲಸ್ ವನ್ ಸೀಟು ಹಂಚುವ ಏಕಜಾಲಕ ಎಂಬ ವ್ಯವಸ್ಥೆಯ ಅಲಾಟ್‌ಮೆಂಟಿನಲ್ಲಿ ಹಳೆಯ ಗೆಳತಿಯರು ಒಬ್ಬೊಬ್ಬರು ಒಂದೊಂದು ಶಾಲೆಗೆ ಹೋದರು. ಕನ್ನಡದ ಮಕ್ಕಳು ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂರುತ್ತಿದ್ದೆವು. ಗೊತ್ತಿದ್ದ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ.

ಇನ್ನು ಬಸ್ಸು. ಕನ್ಸೆಶನ್ ಮಕ್ಕಳನ್ನು, ಅಂದರೆ ರಿಯಾಯಿತಿ ದರದಲ್ಲಿ ಹೋಗುವ ವಿದ್ಯಾರ್ಥಿಗಳನ್ನು, ಕೊನೆಗೆ ಹತ್ತಿಸಿಕೊಳ್ಳುವುದು ಕೇರಳದಲ್ಲಿ ಓದಿದ ಎಲ್ಲರಿಗೂ ಗೊತ್ತು. ಬಾಗಿಲ ಹತ್ತಿರ ನಿಂತು ಕಾಯಬೇಕು, ಹೊರಡುವಾಗ ಓಡಿ ಹತ್ತಬೇಕು. ಆ ನೂಕುನುಗ್ಗಲಿನಲ್ಲಿ ಮೈಗೆ ತಾಗುವ ಕೈಗಳ ಬಗ್ಗೆ ನಾವು ಮನೆಯಲ್ಲಿ ಹೇಳುತ್ತಿರಲಿಲ್ಲ. ಆಲ್ಬಮ್‌ನ ಮೊದಲ ಹಾಡೇ ಶಾಲಾ ಬಸ್ಸಿನದು. ಒಳಗೆ ನಡೆಯಬಾರದ್ದು ನಡೆಯುತ್ತಿದೆ, ಡ್ರೈವರ್ ಕನ್ನಡಿಯಲ್ಲಿ ಕಂಡರೂ ಸುಮ್ಮನಿದ್ದಾನೆ. ಸಿನಿಮಾದಲ್ಲಿ ಆ ಬಸ್ಸು ನೀರಿಗೆ ಬೀಳುತ್ತದೆ. ಕ್ರೈ ಬೇಬಿ ಮತ್ತು ಅವಳ ಗೆಳತಿ ಮಂತ್ರಶಕ್ತಿಯಿಂದ ಅದನ್ನು ಮೇಲೆತ್ತುತ್ತಾರೆ. ಆ ದೃಶ್ಯ ಬಂದಾಗ ನನ್ನ ಗೆಳತಿ ಚಪ್ಪಾಳೆ ಹೊಡೆದಿದ್ದಳು.

‘ಸ್ಟ್ರಾಬೆರಿ ಶಾರ್ಟ್‌ಕೇಕ್’ ಎಂಬ ಹಾಡಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಅದರಲ್ಲಿ ಹುಡುಗಿಯ ಮೈಯೇ ಕೇಕು. ಹುಡುಗರು ಆಸೆಪಟ್ಟರೆ ತಪ್ಪು ಕೇಕಿನದ್ದಂತೆ. ಹುಡುಗಿಗೆ ನಾಚಿಕೆ ಕಲಿಸುವ ಬದಲು ಹುಡುಗನಿಗೆ ನಡತೆ ಕಲಿಸಿ ಎಂದು ಹಾಡು ನೇರವಾಗಿ ಹೇಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಏನಾದರೂ ಅಂದರೆ ಹಿರಿಯರು ನಮ್ಮ ಕಡೆಗೇ ತಿರುಗಿ “ಶಾಲು ಸರಿ ಮಾಡ್ಕೊ” ಅನ್ನುತ್ತಿದ್ದರು. ಅದು ತಪ್ಪು ಎಂದು ನಮಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಬಂದದ್ದು ಈ ಹಾಡಿನಿಂದ.

ಹೇಳಿದ್ದು ನಮ್ಮ ಕನ್ನಡ ಟೀಚರ್ ಹತ್ತಿರ. ಸ್ಟಾಫ್ ರೂಮಿನ ಹೊರಗೆ ನಿಂತು ಹಾಡಿನ ಅರ್ಥವನ್ನು ಕನ್ನಡದಲ್ಲಿ ಹೇಳಿದೆವು. ಅವರು ಪೂರ್ತಿ ಕೇಳಿದರು. ಎಷ್ಟು ಸಮಯದಿಂದ ಹೀಗೆ, ಯಾವ ಬಸ್ಸಿನಲ್ಲಿ, ಯಾವ ಸ್ಟಾಪಿನಲ್ಲಿ ಎಂದು ವಿಚಾರಿಸಿದರು. ಮರುದಿನ ಸಂಜೆ ನಮ್ಮೊಟ್ಟಿಗೆ ಸ್ಟಾಪಿಗೆ ಬಂದರು. ಕಂಡಕ್ಟರ್ ಹತ್ತಿರ ಮಾತಾಡಿ, ಹುಡುಗಿಯರನ್ನು ಮೊದಲು ಹತ್ತಿಸಿ ಎಂದರು. ಆಮೇಲೆಯೂ ತುಂಬ ದಿನ ಬಂದು ನಿಂತರು. ಅವರ ಮನೆ ಇರುವುದು ಬೇರೆ ದಿಕ್ಕಿನಲ್ಲಿ.

ಹಾಗಾಗಿ ಈ ಆಲ್ಬಮ್ ಹೇಳುವ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ದೊಡ್ಡವರೆಲ್ಲ ಹೆಚ್ಚುಕಡಿಮೆ ಕೆಟ್ಟವರೇ. ಪ್ರಿನ್ಸಿಪಾಲರಂತೂ ರಾಕ್ಷಸ. ನಮ್ಮ ಶಾಲೆಯ ಕಥೆ ಹಾಗಿರಲಿಲ್ಲ. ಬೈಗುಳದ ಮಾತುಗಳೂ ಬೇಕಾದಷ್ಟಿವೆ, ಚಿಕ್ಕ ಮಕ್ಕಳಿಗೆ ಕೇಳಿಸುವಂಥದ್ದಲ್ಲ. ಕೊನೆಯ ಹಾಡು ‘ರಿಸೆಸ್’ ಮಾತ್ರ ಎಲ್ಲರಿಗೂ ಸೇರಿದ್ದು. ದಣಿದಾಗ ನಿಲ್ಲು, ಯಾರೂ ನಿನ್ನನ್ನು ತುಳಿಯಲು ಬಿಡಬೇಡ ಎನ್ನುವ ಅಜ್ಜಿಯ ಬುದ್ಧಿಮಾತು ಅದರಲ್ಲಿದೆ. ಪ್ಲಸ್ ಟು ಪರೀಕ್ಷೆಯ ಹೊತ್ತಿಗೆ ನಾನು ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆ.

ಅದೇ ವರ್ಷ ನವೆಂಬರ್ ಕೊನೆಯಲ್ಲಿ ರಾಜ್ಯ ಶಾಲಾ ಕಲೋತ್ಸವ ನಮ್ಮ ಜಿಲ್ಲೆಗೇ, ಕಾಞಂಗಾಡಿಗೆ ಬಂದಿತ್ತು. 60ನೇ ಕಲೋತ್ಸವ. ಅಲ್ಲಿ ಯಕ್ಷಗಾನ ನೋಡಿ ರೈಲಿನಲ್ಲಿ ವಾಪಸ್ ಬರುವಾಗ ನಾವಿಬ್ಬರೂ ನಮ್ಮದೇ ಒಂದು ಹಾಡುಗಳ ಸರಣಿ ಕಟ್ಟಬೇಕೆಂದು ಮಾತಾಡಿಕೊಂಡೆವು. ಕನ್ನಡದಲ್ಲಿ, ಗಡಿಯ ಈಚೆಗೆ ಓದುವ ಮಕ್ಕಳ ಬಗ್ಗೆ. ಗೆಳತಿ ಈಗ ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯುತ್ತಿದ್ದಾಳೆ. ಪದ್ಯ ನನ್ನದು, ರಾಗ ತಾಳ ಅವಳದ್ದು.

ಮೊದಲ ಪದ್ಯ ಕನ್ಸೆಶನ್ ಕಾರ್ಡಿನದು, ಅದು ಮುಗಿದಿದೆ. ಎರಡನೆಯದು ಹಿಂದಿನ ಬೆಂಚಿನದು. ಮೂರನೆಯದು ಮಧ್ಯಾಹ್ನದ ಊಟದ ಹೊತ್ತಿನದು. ಅದರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಸಂಜೆ ಸ್ಟಾಪಿನಲ್ಲಿ ನಿಲ್ಲುವ ಟೀಚರದ್ದು ನಾಲ್ಕನೆಯದು, ಅದಕ್ಕೆ ಮೋಹನ ರಾಗವೇ ಆಗಬೇಕೆಂದು ಅವಳ ಹಟ. ಕೊನೆಯದು ಯಾವುದು ಎಂಬಲ್ಲಿ ಮಾತ್ರ ನಮಗೆ ಇನ್ನೂ ಒಪ್ಪಂದ ಆಗಿಲ್ಲ. ರಿಸಲ್ಟಿನ ದಿನ ಇರಲಿ ಅನ್ನುತ್ತಾಳೆ ಅವಳು. ನನಗೆ ಟಿ.ಸಿ. ತೆಗೆದುಕೊಂಡ ದಿನವೇ ಬೇಕು.